ಆರನೇ ಬೆರಳಿಗೊಂದು ಹಿಡಿ

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಯೋಗಾನರಸಿಂಹ ಮೇಷ್ಟರ ಬಲಗೈಯಲ್ಲಿ ಆರು ಬೆರಳಿದ್ದವು. ಆರನೆಯದು ಕಿರುಬೆರಳಿನ ಪಕ್ಕದಲ್ಲಿ, ಮನೆಗೆ ಆಮೇಲೆ ಸೇರಿಸಿ ಕಟ್ಟಿದ ಬಚ್ಚಲಿನ ಹಾಗೆ ಸ್ವಲ್ಪ ಓರೆಯಾಗಿ ಹೊರಟಿತ್ತು. ಅದಕ್ಕೆ ಮೂಳೆಯಿತ್ತು, ಉಗುರಿತ್ತು, ತನ್ನದೇ ಆದ ಬುದ್ಧಿಯೂ ಇತ್ತು. ಮೇಷ್ಟರಿಗೆ ಸಿಟ್ಟು ಬಂದರೆ ಮಿಕ್ಕ ಐದು ಬೆರಳು ಮುಷ್ಟಿ ಕಟ್ಟುತ್ತಿದ್ದವು, ಇದು ಮಾತ್ರ ನನಗೂ ಜಗಳಕ್ಕೂ ಸಂಬಂಧವಿಲ್ಲ ಎಂಬಂತೆ ನೆಟ್ಟಗೆ ಹೊರಗೆ ನಿಲ್ಲುತ್ತಿತ್ತು.

ಅವರದು ಅರ್ಚಕರ ಮನೆತನ. ಮಗು ಹುಟ್ಟಿದಾಗ ದೇವಸ್ಥಾನದಲ್ಲಿ ಪೂಜೆ ಮಾಡುತ್ತಿದ್ದ ದೊಡ್ಡಪ್ಪ ಬಂದು ನೋಡಿ, "ನರಸಿಂಹಸ್ವಾಮಿಗೆ ಉಗುರು ಒಂದು ಹೆಚ್ಚಿಗೆ ಮಿಕ್ಕಿತ್ತು, ನಮ್ಮನೆಗೆ ಕೊಟ್ಟ" ಎಂದು ಕೈಮುಗಿದರಂತೆ. ಬಾಣಂತಿ ಶ್ರೀರಂಗಮ್ಮ ಮಲಗಿದ್ದಲ್ಲಿಂದಲೇ, "ಕೊಡೋ ಮನಸ್ಸಿದ್ರೆ ಒಂದೆರಡು ಎಕರೆ ಗದ್ದೆ ಕೊಡಬಹುದಾಗಿತ್ತು" ಎಂದರಂತೆ. ಸ್ಕೂಲಿನ ಹುಡುಗರಿಗೆ ಈ ದೈವಲೀಲೆಯಲ್ಲಿ ಆಸಕ್ತಿ ಇರಲಿಲ್ಲ. ಎರಡೂ ಕೈ ಸೇರಿಸಿ ಲೆಕ್ಕ ಹಾಕಿ ಮೇಷ್ಟರಿಗೆ ಹನ್ನೊಂದು ಎಂದು ಹೆಸರಿಟ್ಟಿದ್ದರು. "ಅನ್ನೊಂದು ಬತ್ತಾ ಐತೆ ಕಣ್ಲಾ" ಎಂದು ಒಬ್ಬ ಪಿಸುಗುಟ್ಟಿದರೆ ಇಡೀ ಕ್ಲಾಸು ತೆಪ್ಪಗಾಗುತ್ತಿತ್ತು.

ಮೇಷ್ಟರು ಸ್ಕೂಲಿನ ಎನ್.ಸಿ.ಸಿ.ಯನ್ನೂ ನೋಡಿಕೊಳ್ಳುತ್ತಿದ್ದರು. ೧೯೯೮ರಲ್ಲಿ ಹಾಸನದಲ್ಲಿ ನಡೆದ ಕ್ಯಾಂಪಿನ ಕೊನೆಯ ದಿನ ಯಾರೋ ಒಂದು ಏರ್ ಪಿಸ್ತೂಲು ತಂದು, ಮೇಷ್ಟರುಗಳೆಲ್ಲ ತಮಾಷೆಗೆ ಒಂದೊಂದು ಗುಂಡು ಹೊಡೆಯಿರಿ ಎಂದರು. ಮದ್ದುಗುಂಡಿನ ಪಿಸ್ತೂಲಲ್ಲ, ಗಾಳಿಯ ಒತ್ತಡದಿಂದ ಕಡಲೆಬೇಳೆ ಗಾತ್ರದ ಸೀಸದ ಗುಂಡನ್ನು ಹತ್ತು ಮೀಟರ್ ದೂರದ ಕಾರ್ಡಿಗೆ ಹೊಡೆಯುವಂಥದ್ದು. ಮಿಕ್ಕವರ ಕೈ ನಡುಗಿತು. ಯೋಗಾನರಸಿಂಹರ ಕೈ ಕಲ್ಲಿನ ಹಾಗೆ ನಿಂತಿತು. ಇಪ್ಪತ್ತು ವರ್ಷ ಬೋರ್ಡಿನ ಮುಂದೆ ತೋಳೆತ್ತಿಕೊಂಡು, ಕೈವಾರವಿಲ್ಲದೆ ವೃತ್ತ ಬರೆದ ತೋಳು ಅದು. ಅಲ್ಲೇ ಇದ್ದ ನಿವೃತ್ತ ಸುಬೇದಾರ್ ಚನ್ನಬಸವಯ್ಯನವರು ಅದನ್ನು ನೋಡಿ, ಅವರನ್ನು ತಮ್ಮ ರೈಫಲ್ ಕ್ಲಬ್ಬಿಗೆ ಎಳೆದುಕೊಂಡರು.

ಕ್ಲಬ್ಬೆಂದರೆ ಹಾಸನದಿಂದ ಸಾಲಗಾಮೆಗೆ ಹೋಗುವ ರಸ್ತೆಯಲ್ಲಿದ್ದ ಒಂದು ಹಳೇ ಗೋದಾಮು. ಒಂದು ಕಾಲದಲ್ಲಿ ಆಲೂಗೆಡ್ಡೆ ತುಂಬುತ್ತಿದ್ದರಂತೆ. ಮಳೆಗಾಲದಲ್ಲಿ ಆ ವಾಸನೆ ಈಗಲೂ ಏಳುತ್ತಿತ್ತು. ಮೇಷ್ಟರು ಪ್ರತಿ ಭಾನುವಾರ ಬಸ್ಸು ಹತ್ತಿ ಅಲ್ಲಿಗೆ ಹೋಗತೊಡಗಿದರು. ಮೈಸೂರಿನವರೊಬ್ಬರಿಂದ ಹಳೆಯದೊಂದು ಏರ್ ಪಿಸ್ತೂಲನ್ನೂ ಕೊಂಡರು. ಕಷ್ಟ ಶುರುವಾಗಿದ್ದೇ ಅಲ್ಲಿಂದ.

ಅದರ ಹಿಡಿ ಕಪ್ಪು ಪಾಲಿಮರಿನದು. ಯಾವುದೋ ದೇಶದ ಯಾವನೋ ದೊಡ್ಡ ಅಂಗೈಯವನನ್ನು ಮನಸ್ಸಿನಲ್ಲಿಟ್ಟುಕೊಂಡು ಅಚ್ಚು ಹೊಯ್ದದ್ದು. ಮಧ್ಯದ ಬೆರಳು, ಉಂಗುರದ ಬೆರಳು, ಕಿರುಬೆರಳಿಗೆಂದು ಲೆಕ್ಕವಾಗಿ ಮೂರು ತೋಡು, ಕೆಳಗೆ ಅಂಗೈ ಒರಗಲು ಒಂದು ಕಟ್ಟೆ. ಆ ಕಟ್ಟೆಗೂ ಕಿರುಬೆರಳಿಗೂ ನಡುವೆ ಮೇಷ್ಟರ ಆರನೇ ಬೆರಳು ಬಾಗಿಲಿಗೆ ಸಿಕ್ಕ ಹಲ್ಲಿಯ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ಹತ್ತು ಗುಂಡು ಹೊಡೆಯುವಷ್ಟರಲ್ಲಿ ಅದು ಕೆಂಪಗೆ ಊದಿಕೊಂಡು, ಮುಂದಿನ ಗುಂಡುಗಳನ್ನೆಲ್ಲ ತನಗೆ ಬೇಕಾದ ಕಡೆ ತಿರುಗಿಸುತ್ತಿತ್ತು.

ಚನ್ನಬಸವಯ್ಯನವರಲ್ಲಿ ಇದಕ್ಕೊಂದು ಪರೀಕ್ಷೆಯಿತ್ತು. "ಕಣ್ಮುಚ್ಕಳಿ ಮೇಷ್ಟ್ರೇ. ಕೈ ಎತ್ತಿ. ಆಂ, ಈಗ ಕಣ್ಬುಡಿ. ಗುರಿ ಎಲ್ಲದೆ?"

ಗುರಿ ಪಕ್ಕದವನ ಕಾರ್ಡಿನ ಮೇಲಿತ್ತು.

"ಹಿಡಿ ಕೈಗೆ ಕುಂತಿದ್ರೆ ಕಣ್ಬುಟ್ಟಾಗ ಗುರಿ ನಿಮ್ ಕಾರ್ಡ್ ಮ್ಯಾಲೇ ಇರ್ಬೇಕು. ನಿಮ್ ಕೈ ಒಂದ್ ಕಡಿಕೆ ಓಗ್ತದೆ, ಪಿಸ್ತೂಲ್ ಒಂದ್ ಕಡಿಕೆ ಓಗ್ತದೆ. ಒಂಥರಾ ನಮ್ಮನೆ ಸಂಸಾರ."

ಆ ವರ್ಷದ ಜಿಲ್ಲಾ ಸ್ಪರ್ಧೆಯಲ್ಲಿ ಮೇಷ್ಟರು ನಲವತ್ತು ಗುಂಡಿಗೆ, ನಾನೂರು ಅಂಕಕ್ಕೆ ಇನ್ನೂರ ಅರವತ್ತೆರಡು ತೆಗೆದು ಕಟ್ಟಕಡೆಗೆ ನಿಂತರು. ಸುಬೇದಾರರು ಕಾಫಿ ಕುಡಿಸಿ, ಮಿಲಿಟರಿ ಮನುಷ್ಯರಿಗೆ ಹೊಳೆಯುವಂಥ ಪರಿಹಾರವನ್ನೇ ಹೇಳಿದರು: "ಆ ಬೆಳ್ಳ ಕುಯ್ಸಾಕ್ಬುಡಿ."

ಮೇಷ್ಟರು ವರ್ಷವೆಲ್ಲ ಯೋಚಿಸಿದರು. ಹಿಡಿಗೆ ಚಿಂದಿ ಬಟ್ಟೆ ಸುತ್ತಿ ನೋಡಿದರು, ಬೆರಳನ್ನು ಪ್ಲಾಸ್ಟರಿನಿಂದ ಪಕ್ಕಕ್ಕೆ ಬಿಗಿದು ನೋಡಿದರು. ಕೊನೆಗೆ ಒಬ್ಬ ಸರ್ಜನ್ ಹತ್ತಿರ ಹೋದರು. ಅವರು ಬೆರಳನ್ನು ತಿರುಗಿಸಿ ನೋಡಿ, ಹತ್ತು ನಿಮಿಷದ ಕೆಲಸ, ದೀಪಾವಳಿ ರಜದಲ್ಲಿ ಬನ್ನಿ ಎಂದರು. ಈ ವಿಷಯವನ್ನು ಮೇಷ್ಟರು ರಾತ್ರಿಯ ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದರು. ಹೆಂಡತಿ ಶ್ರೀಗೌರಿ, ಅಂಚೆ ಕಚೇರಿಯಲ್ಲಿ ದಿನವಿಡೀ ಠಸ್ಸೆ ಕುಟ್ಟಿ ಬಂದವಳು, ಸಾರಿನ ಸೌಟನ್ನು ಅಲ್ಲೇ ನಿಲ್ಲಿಸಿದಳು.

"ನಲವತ್ತೆರಡು ವರ್ಷ ಆ ಬೆರಳಿಂದ ನಿಮಗೇನೂ ತೊಂದರೆ ಆಗ್ಲಿಲ್ಲ. ಈಗ ಒಂದು ಪಿಸ್ತೂಲಿಗೆ ಇಷ್ಟ ಆಗ್ಲಿಲ್ಲ ಅಂತ ಕುಯ್ಸ್ಕೋತೀರಾ? ನಾಳೆ ಹೆಲ್ಮೆಟ್ಟು ಬಿಗಿ ಆಯ್ತು ಅಂದ್ರೆ?"

ತಾಯಿ ಶ್ರೀರಂಗಮ್ಮನವರಿಗೆ ಮಾತಾಡಲು ಆಗುವಂತಿರಲಿಲ್ಲ, ಆ ಸಂಜೆಯೇ ಕೋಡುಬಳೆ ಕಡಿದು ಅವರ ಹಲ್ಲಿನ ಸೆಟ್ಟು ನಡುವೆ ಬಿರುಕು ಬಿಟ್ಟಿತ್ತು. ಎಪ್ಪತ್ತು ದಾಟಿದ ಆಕೆ ಬಾಯಿಗೆ ಸೆರಗು ಹಿಡಿದುಕೊಂಡು, ಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ಮಗನ ಮುಂದೆ ಇಟ್ಟರು. ಮೊದಲು ಇದನ್ನು ರಿಪೇರಿ ಮಾಡಿಸಿಕೊಂಡು ಬಾ, ನಿನ್ನ ಬೆರಳು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಅದರ ಅರ್ಥ.

ಆ ಸೆಟ್ಟು ಮಾಡಿದ್ದು ಅರಕಲಗೂಡಿನ ಚಂದ್ರಯ್ಯ. ಬೆಂಗಳೂರಿನ ಒಂದು ದಂತ ಕಾಲೇಜಿನ ಲ್ಯಾಬಿನಲ್ಲಿ ಹನ್ನೆರಡು ವರ್ಷ ಹಲ್ಲಿನ ಸೆಟ್ಟುಗಳನ್ನು ಮಾಡಿ, ಊರಿಗೆ ವಾಪಸು ಬಂದು, ಬಸ್‌ಸ್ಟ್ಯಾಂಡಿನ ಹತ್ತಿರ ಒಂದೇ ಕೋಣೆಯ ಲ್ಯಾಬು ಇಟ್ಟುಕೊಂಡಿದ್ದ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗಿನ ಹಲಗೆಯ ಮೇಲೆ ಸಾಲಾಗಿ ನಗುತ್ತಿರುವ ಇಪ್ಪತ್ತು ಮೂವತ್ತು ದವಡೆಗಳು. ಮೊದಲ ಸಲ ಸೆಟ್ಟು ಬಂದಾಗ ಬೀದಿಯ ಹೆಂಗಸರು ಶ್ರೀರಂಗಮ್ಮನವರನ್ನು ಕೇಳಿದ್ದರು, ಯಾವ ಜಾತಿಯವನೋ ಮಾಡಿದ ಹಲ್ಲು, ಮಡಿಯಲ್ಲಿರುವಾಗಲೂ ಹಾಕಿಕೊಳ್ಳುತ್ತೀರಾ ಎಂದು. "ನಿಮ್ಮ ಮಡಿ ಕೋಡುಬಳೆ ಅಗಿಯುತ್ತಾ?" ಎಂದು ಆಕೆ ಕೇಳಿದ ಮೇಲೆ ಮಾತು ಬೇರೆ ಕಡೆಗೆ ಹೋಗಿತ್ತು.

ಶನಿವಾರ ಬೆಳಗಿನ ಕ್ಲಾಸು ಮುಗಿಸಿ ಮೇಷ್ಟರು ಹಳ್ಳಿಮೈಸೂರಿನ ಮೇಲೆ ಹೋಗುವ ಬಸ್ಸು ಹಿಡಿದು ಅರಕಲಗೂಡಿಗೆ ಬಂದರು. ಮಾರನೇ ದಿನ ಅಲ್ಲಿಂದಲೇ ನೇರ ಹಾಸನಕ್ಕೆ ಹೋಗುವ ಯೋಚನೆಯಿದ್ದುದರಿಂದ ಪಿಸ್ತೂಲೂ ಚೀಲದಲ್ಲಿತ್ತು. ಚಂದ್ರಯ್ಯ ಮುರಿದ ಸೆಟ್ಟನ್ನು ಜೋಡಿಸುವುದನ್ನು ಅವರು ಸುಮ್ಮನೆ ನೋಡುತ್ತ ಕುಳಿತರು. ಬಿಳಿ ಬಟ್ಟಲಲ್ಲಿ ಗುಲಾಬಿ ಬಣ್ಣದ ಪುಡಿ ಹಾಕಿದ. ಮೂಗಿಗೆ ಹತ್ತುವ ವಾಸನೆಯ ಒಂದು ದ್ರವ ಸುರಿದು ಕಲಸಿದ. ಅದು ಮೊದಲು ಮಜ್ಜಿಗೆಯಾಯಿತು, ಆಮೇಲೆ ಚಪಾತಿ ಹಿಟ್ಟಾಯಿತು, ಐದಾರು ನಿಮಿಷದಲ್ಲಿ ಕಲ್ಲಾಯಿತು.

"ಇದು ಯಾವ ಆಕಾರಕ್ಕೆ ಬೇಕಾದ್ರೂ ಬರುತ್ತಾ ಚಂದ್ರಯ್ಯನೋರೇ?"

"ಬಾಯಿಗಿಂತ ಕಷ್ಟದ್ ಆಕಾರ ಯಾವ್ದದೆ ಸಾ? ಒಬ್ಬೊಬ್ಬರ ದವಡೆ ಒಂದೊಂದು ಒಡಕು ಮಡಕೆ. ಅದಕ್ಕೇ ಕೂರುಸ್ತೀನಿ ನಾನು."

ಮೇಷ್ಟರು ಪಿಸ್ತೂಲನ್ನು ತೆಗೆದು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದರು. ಚಂದ್ರಯ್ಯ ಹಿಡಿಯನ್ನು ನೋಡಿದ, ಬೆರಳನ್ನು ನೋಡಿದ. ಬೆರಳಿನ ಬುಡವನ್ನು ಒತ್ತಿ ಎಲ್ಲಿ ನೋವು ಎಂದು ಕೇಳಿದ. ಆಮೇಲೆ ನಿಜವಾಗಿಯೂ ಸಿಟ್ಟಾದ.

"ಬೆಳ್ಳ ಕುಯ್ಯಿ ಅಂದೋನು ಯಾವನು ಸಾ? ನಾನು ಹಲ್ಲಿನ ಸೆಟ್ ಕೂರ್ಲಿಲ್ಲ ಅಂತ ಯಾರ್ದಾದ್ರೂ ನಾಲ್ಗೆ ಕುಯ್ದಿದೀನಾ? ಹಿಡಿ ಕುಯ್ಯಣ. ಅದುಕ್ಕೆ ನೋವಾಗಕಿಲ್ಲ."

ಆ ಮಾತು ಮೇಷ್ಟರಿಗೆ ನಾಟಿತು. ಎಷ್ಟೋ ಸಾವಿರ ಹುಡುಗರಿಗೆ ಸಮೀಕರಣದ ಎರಡೂ ಕಡೆ ನೋಡಿ ಎಂದು ಹೇಳಿಕೊಟ್ಟವರು ತಾವೇ ಒಂದು ಕಡೆ ಮಾತ್ರ ನೋಡಿದ್ದರು.

ಚಂದ್ರಯ್ಯ ಹಲ್ಲು ಅರೆಯುವ ಸಣ್ಣ ಮೋಟಾರಿನಿಂದ ಪಾಲಿಮರಿನ ಕಟ್ಟೆಯನ್ನು ಅರ್ಧ ತೆಗೆದ, ಮೂರು ತೋಡುಗಳನ್ನೂ ಅಳಿಸಿ ಬಯಲು ಮಾಡಿದ. ಕೋಣೆಯೆಲ್ಲ ಕಪ್ಪು ಪುಡಿ. ಆಮೇಲೆ ಮೇಷ್ಟರ ಕೈಗೆ ವ್ಯಾಸಲೀನ್ ಬಳಿದು, ಕಲಸಿದ ಗುಲಾಬಿ ಹಿಟ್ಟನ್ನು ಹಿಡಿಗೆ ಮೆತ್ತಿ, "ಗಟ್ಟಿಯಾಗಿ ಹಿಡ್ಕಳಿ, ನಾನ್ ಹೇಳೋಗಂಟ ಅಲ್ಲಾಡ್ಬ್ಯಾಡಿ" ಎಂದ.

ಹಿಟ್ಟು ಬಿಗಿಯಾಗುತ್ತ ಬಿಸಿಯಾಯಿತು. "ಈಗ ಬುಡಿ" ಎಂದ ಚಂದ್ರಯ್ಯ. ಐದು ಬೆರಳು ಬಿಟ್ಟವು. ಆರನೆಯದು ಬಿಡಲಿಲ್ಲ. ಮೇಷ್ಟರು ಎಳೆದರು, ಚಂದ್ರಯ್ಯ ಎಳೆದ. ಬೆರಳು ಬುಡದವರೆಗೆ ಗುಲಾಬಿ ಕಲ್ಲಿನೊಳಗೆ ಹೂತು ಕುಳಿತಿತ್ತು.

"ವ್ಯಾಸಲೀನ್ ಹಚ್ಚಿದ್ರಿ ತಾನೇ?"

ಚಂದ್ರಯ್ಯ ಹಣೆ ಚಚ್ಚಿಕೊಂಡ. "ಅಯ್ಯೋ ಸಾ, ಐದಕ್ಕೆ ಹಚ್ಬುಟ್ಟೆ. ಕೈ ಅಂದ್ರೆ ಐದು ಅಂತ ಅಭ್ಯಾಸ ನೋಡಿ!"

ಅದೇ ಹೊತ್ತಿಗೆ ಹೊಸ ಹಲ್ಲು ಕಟ್ಟಿಸಿಕೊಳ್ಳಲು ಹಳ್ಳಿಯಿಂದ ಬಂದ ಮಾದಮ್ಮ ಎಂಬ ಮುದುಕಿ ಬಾಗಿಲ ಪರದೆ ಸರಿಸಿದಳು. ಒಳಗೆ ಬಿಳಿ ಪಂಚೆಯ ಮೇಷ್ಟರೊಬ್ಬರು ಪಿಸ್ತೂಲು ಹಿಡಿದು ನಿಂತಿದ್ದರು, ಚಂದ್ರಯ್ಯ ಅವರ ತೋಳಿಗೆ ಜೋತುಬಿದ್ದಿದ್ದ.

"ಅಯ್ಯಯ್ಯಪ್ಪೋ! ಹಲ್ ಕಟ್ಸಾಕ್ ಬಂದ್ರೆ ಜೀವ ತೆಗೀತಾವ್ರಲ್ಲಪ್ಪೋ!" ಎಂದು ಆಕೆ ಬಸ್‌ಸ್ಟ್ಯಾಂಡಿನ ಕಡೆಗೆ ಓಡಿದ ರಭಸಕ್ಕೆ, ಆಕೆಗೆ ಮಂಡಿನೋವು ಎಂದು ನಂಬಿದ್ದವರೆಲ್ಲ ಬೆರಗಾದರು. ಎರಡೇ ನಿಮಿಷದಲ್ಲಿ ಆಟೋದವರು, ಶುಂಠಿ ಮೂಟೆಯ ಹಮಾಲಿಗಳು, ಒಬ್ಬ ಕಂಡಕ್ಟರು, ಎಲ್ಲ ಬಾಗಿಲ ಮುಂದೆ ನೆರೆದರು. ಹಿಂದೆಯೇ ಲಾಠಿ ಹಿಡಿದ ಒಬ್ಬ ಪೇದೆ ಬಂದ.

"ಕೈ ಮೇಲೆತ್ತಿ!" ಎಂದ.

ಮೇಷ್ಟರು ಎತ್ತಿದರು. ಕೈಯ ಜೊತೆ ಪಿಸ್ತೂಲೂ ಎದ್ದಿತು. ಜನ ಹತ್ತು ಹೆಜ್ಜೆ ಹಿಂದಕ್ಕೆ ಸರಿದರು.

"ಪಿಸ್ತೂಲ್ ಕೆಳೀಕ್ ಹಾಕಿ!"

"ಹಾಕೋಕೆ ಆಗ್ತಿದ್ರೆ ಇಷ್ಟೊತ್ತಿಗೆ ಹಾಕಿರ್ತಿರಲಿಲ್ವೇನಯ್ಯ!"

"ಹಾಕಿ ಅಂದ್ರೆ ಹಾಕ್ಬೇಕು!"

ಮೇಷ್ಟರ ತಾಳ್ಮೆ ಮುಗಿಯಿತು. "ಒಂದು ಸಲ ಹೇಳಿದ್ರೆ ಅರ್ಥ ಆಗಲ್ವೇನೋ ನಿಂಗೆ? ಎದ್ದು ನಿಂತ್ಕೊಂಡು ಪ್ರಶ್ನೆ ಸರಿಯಾಗಿ ಓದು!"

ಪೇದೆಯ ಬೆನ್ನು ತಾನಾಗಿ ನೆಟ್ಟಗಾಯಿತು. ಲಾಠಿ ಇಳಿಯಿತು. "ಸಾ... ನೀವಾ ಸಾ? ನಾನು ನಾಗೇಶ ಸಾ. ತೊಂಬತ್ತೊಂದನೇ ಇಸ್ವಿ, ಹತ್ತನೇ ಕ್ಲಾಸ್ ಬಿ ಸೆಕ್ಷನ್." ಆಮೇಲೆ ಜನರ ಕಡೆ ತಿರುಗಿ, "ಏ, ಓಗ್ರಲಾ! ನಮ್ಮ ಅನ್ನೊಂ... ನಮ್ಮ ಮೇಷ್ಟ್ರು ಕಣ್ಲಾ ಇವ್ರು. ಇದು ಗಾಳಿ ಪಿಸ್ತೂಲು. ಓಗಿ ಓಗಿ!" ಎಂದ.

ನಾಗೇಶ ಮೇಷ್ಟರ ತೋಳು ಹಿಡಿದುಕೊಂಡ, ಚಂದ್ರಯ್ಯ ಮೋಟಾರು ಹಿಡಿದುಕೊಂಡ. ಬೆರಳಿನ ಉದ್ದಕ್ಕೂ ಕೂದಲೆಳೆಯಷ್ಟು ಹುಷಾರಾಗಿ ಒಂದು ಬದಿ ಕೊಯ್ಯುತ್ತ ಹೋದ. ಮೇಷ್ಟರು ಬುದ್ಧನ ಪಟವನ್ನೇ ನೋಡುತ್ತ ಹದಿನೇಳರ ಮಗ್ಗಿ ಹೇಳಿಕೊಂಡರು. ಅವರ ಮನೆತನದಲ್ಲಿ ಕಷ್ಟಕಾಲಕ್ಕೆಂದು ಕಲಿಸಿದ್ದ ಶ್ಲೋಕಗಳು ಒಂದೂ ನೆನಪಿಗೆ ಬರಲಿಲ್ಲ. ಹದಿನೇಳೆಂಟ್ಲ ನೂರ ಮೂವತ್ತಾರಕ್ಕೆ ಬರುವಾಗ ಬೆರಳು ಹೊರಗೆ ಬಂತು. ಒಂದು ಗೀರು ಕೂಡ ಇರಲಿಲ್ಲ.

ಮೂವರೂ ಟೀ ಕುಡಿದರು. ಎರಡನೇ ಪ್ರಯತ್ನವನ್ನು ಚಂದ್ರಯ್ಯ ಮಾರನೇ ದಿನಕ್ಕಿಟ್ಟುಕೊಂಡು, ರಾತ್ರಿ ಮನೆಯಲ್ಲಿ ಯೋಚಿಸಿ ಬಂದಿದ್ದ. ಹಾಸನದ ಬಸ್ಸು ಹತ್ತಬೇಕಿದ್ದ ಮೇಷ್ಟರು ಕ್ಲಬ್ಬಿಗೆ ಹೋಗದೆ ಅರಕಲಗೂಡಿನಲ್ಲೇ ಸ್ನೇಹಿತರ ಮನೆಯಲ್ಲಿ ಉಳಿದು, ಬೆಳಗಾಗುತ್ತಲೇ ಬಂದು ಕುಳಿತರು. ಈ ಸಲ ಆರನೇ ಬೆರಳಿಗೆ ಗೂಡು ಬೇಡ, ಒಂದು ಕಡೆ ತೆರೆದ ಕಾಲುವೆ ಸಾಕು ಎಂದು ತೀರ್ಮಾನವಾಯಿತು. ವ್ಯಾಸಲೀನ್ ಹಚ್ಚುವಾಗ ಇಬ್ಬರೂ ಗಟ್ಟಿಯಾಗಿ ಎಣಿಸಿದರು.

ಅಚ್ಚು ಬಂದ ಮೇಲೆ ನಿಜವಾದ ಕೆಲಸ ಶುರುವಾಯಿತು. ಚಂದ್ರಯ್ಯ ಹಿಡಿಯ ಮೇಲೆ ತೆಳುವಾದ ಮಸಿಕಾಗದ ಸುತ್ತಿ ಹಿಡಿಸುತ್ತಿದ್ದ. ಎಲ್ಲಿ ಕಪ್ಪು ಚುಕ್ಕೆ ಬಿತ್ತೋ ಅಲ್ಲಿ ಕೈಗೆ ಒತ್ತುತ್ತಿದೆ ಎಂದರ್ಥ, ಅಷ್ಟನ್ನೇ ಅರೆಯುತ್ತಿದ್ದ. ಹಿಡಿ, ನೋಡು, ಅರೆ. ಹಲ್ಲು ಎತ್ತರವಾದರೆ ಹೀಗೇ ಸರಿಮಾಡುವುದು ಎಂದು ಹೇಳುತ್ತ ಮಧ್ಯಾಹ್ನದವರೆಗೂ ಹೀಗೇ ನಡೆಸಿದ. ಬಣ್ಣದ ವಿಷಯ ಮಾತ್ರ ಏನೂ ಮಾಡುವಂತಿರಲಿಲ್ಲ. ಅವನ ಹತ್ತಿರ ಇದ್ದದ್ದು ಒಸಡಿನ ಬಣ್ಣವೊಂದೇ, ರಕ್ತನಾಳ ಕಾಣಲೆಂದು ಬೆರೆಸಿದ ಕೆಂಪು ಎಳೆಗಳ ಸಮೇತ. ಕಪ್ಪು ಪಿಸ್ತೂಲಿಗೆ ಒಸಡು ಬಂದಿತ್ತು.

"ಈಗ ಕಣ್ಮುಚ್ಚಿ ಅದೇನೋ ಮಾಡ್ತೀನಿ ಅಂದ್ರಲ್ಲ, ಮಾಡಿ ಸಾ."

ಮೇಷ್ಟರು ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಾರೀಖನ್ನು ಗುರುತಿಟ್ಟುಕೊಂಡು ಕಣ್ಣು ಮುಚ್ಚಿದರು. ಕೈ ಎತ್ತಿದರು. ಕಣ್ಣು ಬಿಟ್ಟರು. ಗುರಿ ಅದೇ ತಾರೀಖಿನ ಮೇಲಿತ್ತು. ಇನ್ನೊಮ್ಮೆ ಮಾಡಿದರು. ಅಲ್ಲೇ ಇತ್ತು. ಆರನೇ ಬೆರಳು ತನ್ನ ಕಾಲುವೆಯಲ್ಲಿ ಹಾಯಾಗಿ ಮಲಗಿತ್ತು. ನಲವತ್ತೆರಡು ವರ್ಷದಲ್ಲಿ ಅದಕ್ಕೆಂದೇ ಒಂದು ಜಾಗ ಸಿಕ್ಕಿದ್ದು ಅದೇ ಮೊದಲು. ಕೈಗವಸಿನಲ್ಲಿ ಸಿಕ್ಕಿರಲಿಲ್ಲ, ಹಾರ್ಮೋನಿಯಮ್ಮಿನಲ್ಲಿ ಸಿಕ್ಕಿರಲಿಲ್ಲ. ಮೇಷ್ಟರು ಕಣ್ಣೊರೆಸಿಕೊಂಡರು. ಚಂದ್ರಯ್ಯನಿಗೆ ಅದು ತಿಳಿಯಬಾರದೆಂದು ಆ ದ್ರವದ ವಾಸನೆಯನ್ನು ಬೈದರು.

ದೀಪಾವಳಿ ರಜ ಬಂತು, ಹೋಯಿತು. ಡಿಸೆಂಬರಿನ ಒಂದು ಭಾನುವಾರ ಕ್ಲಬ್ಬಿನ ಗೋದಾಮಿನಲ್ಲೇ ಜಿಲ್ಲಾ ಸ್ಪರ್ಧೆ. ಚಂದ್ರಯ್ಯ ಲ್ಯಾಬಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಹಾಸನಕ್ಕೆ ಬಂದಿದ್ದ. ಇಷ್ಟು ದೂರ ಯಾಕೆ ತೊಂದರೆ ತೆಗೆದುಕೊಂಡಿರಿ ಎಂದು ಮೇಷ್ಟರು ಕೇಳಿದ್ದಕ್ಕೆ, "ಹಲ್ ಕಟ್ಟಿಸ್ಕಂಡೋರು ಉಣ್ಣೋದ ನೋಡಾಕೆ ನನ್ನ ಯಾರೂ ಕರೆಯಕಿಲ್ಲ ಸಾ. ನನ್ ಕೆಲ್ಸ ಎಂಗ್ ನಡೀತದೆ ಅಂತ ನಾನೇ ನೋಡಿದ್ದಿಲ್ಲ" ಎಂದ.

ಸಲಕರಣೆ ಪರೀಕ್ಷಿಸಲು ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ಸಫಾರಿ ಸೂಟು, ಕೈಯಲ್ಲಿ ನಿಯಮಗಳ ಪುಸ್ತಕ. ಮೇಷ್ಟರ ಪಿಸ್ತೂಲನ್ನು ನೋಡಿ ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಏನ್ರೀ ಇದು?"

"ಹಿಡಿ ಸರ್."

"ಒಸಡಿದ್ದಂಗಿದೆ."

"ಒಸಡೇ ಸಾ," ಎಂದ ಚಂದ್ರಯ್ಯ ಹಿಂದಿನಿಂದ, ಹೆಮ್ಮೆಯಿಂದ. "ಒರಿಜಿನಲ್ಲು."

ಪರೀಕ್ಷಕರು ಪುಸ್ತಕದ ಪುಟ ತಿರುಗಿಸಿದರು. ಬಣ್ಣದ ಬಗ್ಗೆ ನಿಯಮವಿರಲಿಲ್ಲ. ಬೆರಳಿನ ಸಂಖ್ಯೆಯ ಬಗ್ಗೆಯೂ ಇರಲಿಲ್ಲ. ಆ ಪುಸ್ತಕ ಬರೆದವರಿಗೂ ಕೈ ಎಂದರೆ ಐದು ಎಂದೇ ಅಭ್ಯಾಸ. ಕೊನೆಗೆ ಒಂದು ಸಿಕ್ಕಿತು. ಹಿಡಿ ಕೈಯನ್ನು ಸುತ್ತುವರಿದು ಬಂಧಿಸುವಂತಿರಬಾರದು. "ಈ ಬೆರಳನ್ನ ಇದು ಹಿಡ್ಕೊಂಡಿದೆ. ಬಿಡಿಸಿ ತೋರ್ಸಿ."

ಮೇಷ್ಟರು ಅಂಗೈ ಅಗಲಿಸಿದರು. ಬೆರಳು ತೆರೆದ ಕಾಲುವೆಯಿಂದ ಮೆಲ್ಲಗೆ ಹೊರಗೆ ಜಾರಿತು. ಪಿಸ್ತೂಲು ಮೇಜಿನ ಮೇಲೆ ಉಳಿಯಿತು. ಅರಕಲಗೂಡಿನಲ್ಲಿ ಆ ದಿನ ವ್ಯಾಸಲೀನ್ ಮರೆಯದೇ ಇದ್ದಿದ್ದರೆ ಕಾಲುವೆಯ ಜಾಗದಲ್ಲಿ ಗೂಡೇ ಇರುತ್ತಿತ್ತು, ಮೇಷ್ಟರು ಬಾಗಿಲಿಂದಲೇ ವಾಪಸಾಗುತ್ತಿದ್ದರು. ಪರೀಕ್ಷಕರು ಮನಸ್ಸಿಲ್ಲದ ಮನಸ್ಸಿನಿಂದ ಸಹಿ ಹಾಕಿದರು. ಆದರೆ ಸ್ಪರ್ಧೆ ಶುರುವಾದ ಮೇಲೂ ಬಂದು ಮೇಷ್ಟರ ಬೆನ್ನ ಹಿಂದೆಯೇ ನಿಂತರು.

ಮೊದಲ ಇಪ್ಪತ್ತು ಗುಂಡು ಸಲೀಸಾಗಿ ಹೋದವು. ಇಪ್ಪತ್ತೊಂದನೆಯದಕ್ಕೆ ಹಿಂದೆ ನಿಂತವರು ಗಂಟಲು ಸರಿಮಾಡಿಕೊಂಡರು. ಇಪ್ಪತ್ತೆರಡಕ್ಕೆ ಪುಸ್ತಕದ ಪುಟ ಸರ್ರೆಂದಿತು. ಮೇಷ್ಟರಿಗೆ ಸಿಟ್ಟು ಬಂತು. ಆರನೇ ಬೆರಳು ಎಂದಿನಂತೆ ನೆಟ್ಟಗಾಗಲು ಎದ್ದಿತು. ಆದರೆ ಕಾಲುವೆಯ ಗೋಡೆ ತಡೆಯಿತು. ಬೆರಳು ಆ ಗೋಡೆಗೆ ಒರಗಿತು, ಪಿಸ್ತೂಲು ಇನ್ನೂ ಭದ್ರವಾಗಿ ನಿಂತಿತು. ಇಪ್ಪತ್ತೆರಡನೆಯ ಗುಂಡು ಸರಿಯಾಗಿ ಕಾರ್ಡಿನ ನಟ್ಟನಡುವಿನ ಹತ್ತಕ್ಕೆ ಬಿತ್ತು. ಇಪ್ಪತ್ತಮೂರೂ ಹತ್ತಕ್ಕೆ. ಮೇಷ್ಟರು ಕತ್ತು ತಿರುಗಿಸಿ ಪರೀಕ್ಷಕರಿಗೆ, "ಇಲ್ಲೇ ನಿಂತಿರಿ ಸರ್, ಅನುಕೂಲ ಆಗ್ತಿದೆ" ಎಂದರು.

ಮುನ್ನೂರ ಅರವತ್ತನಾಲ್ಕು ಬಂತು. ಚನ್ನರಾಯಪಟ್ಟಣದ ಒಬ್ಬ ಕಾಲೇಜು ಹುಡುಗಿ ಮೊದಲು, ಒಬ್ಬ ಪೊಲೀಸ್ ಇನ್ಸ್‌ಪೆಕ್ಟರು ಎರಡನೆಯವರು, ಮೇಷ್ಟರು ಮೂರನೆಯವರು. ಚನ್ನಬಸವಯ್ಯನವರು ಕಾರ್ಡುಗಳನ್ನು ಕಣ್ಣ ಹತ್ತಿರ ಹಿಡಿದು ಎರಡು ಸಲ ನೋಡಿ, ಚಂದ್ರಯ್ಯನ ಮುಂದೆ ಹೋಗಿ ನಿಂತು ಮಿಲಿಟರಿ ಸಲ್ಯೂಟು ಹೊಡೆದರು. ಚಂದ್ರಯ್ಯ ವಾಪಸು ಏನು ಮಾಡಬೇಕೆಂದು ತಿಳಿಯದೆ ಅವರ ಬಾಯನ್ನು ನೋಡಿ, "ಕೆಳಗಡೆ ಎರಡು ಅಲ್ಲಾಡ್ತಾವಲ್ಲ ಸಾ, ಒಂದಿನ ಬನ್ನಿ" ಎಂದ.

ಮೇಷ್ಟರು ಅದೇ ಹಿಡಿಯಲ್ಲಿ ಮುಂದೆ ಒಂಬತ್ತು ವರ್ಷ ಸ್ಪರ್ಧಿಸಿದರು. ಎರಡು ಸಲ ಜಿಲ್ಲೆಗೆ ಮೊದಲಿಗರಾದರು. ರಾಜ್ಯ ಮಟ್ಟಕ್ಕೆ ಹೋದಾಗ ಹತ್ತೊಂಬತ್ತನೆಯವರಾಗಿ, ಸಂತೋಷವಾಗಿ ಊರಿಗೆ ಬಂದರು. ಆದರೆ ಆ ಮೊದಲ ದಿನ, ಬಹುಮಾನ ಹಂಚಿ ಎಲ್ಲರೂ ಹೊರಟ ಮೇಲೆ, ಗೋದಾಮಿನಲ್ಲಿ ಇಬ್ಬರೇ ಉಳಿದಿದ್ದರು.

"ನಾನೂ ಒಂದ್ ಹೊಡೀಲಾ ಸಾ?" ಎಂದು ಚಂದ್ರಯ್ಯ ಸಂಕೋಚದಿಂದ ಕೇಳಿದ.

ಮೇಷ್ಟರು ಗುಂಡು ತುಂಬಿ ಕೊಟ್ಟರು. ಚಂದ್ರಯ್ಯ ಹಿಡಿದುಕೊಂಡು ನೋಡಿದ, ಕೈ ಬದಲಿಸಿ ನೋಡಿದ. ಅವನದೇ ಕೈಯ ಕೆಲಸ, ಅವನ ಕೈಗೆ ಎಲ್ಲಿಯೂ ಕೂರಲಿಲ್ಲ. ಇದ್ದ ಐದು ಬೆರಳನ್ನು ಹೇಗೆ ಇಟ್ಟರೂ ಒಂದು ಜಾಗ ಖಾಲಿ ಉಳಿಯುತ್ತಿತ್ತು.

"ಒಂದ್ ಬೆಳ್ಳು ಕಮ್ಮಿ ಆಯ್ತದೆ," ಎಂದ ಬೇಜಾರಿನಿಂದ.

"ಪರವಾಗಿಲ್ಲ, ಹೊಡೀರಿ."

ಅವನು ಒಂದು ಕಣ್ಣು ಮುಚ್ಚಿ, ನಾಲಿಗೆ ಕಚ್ಚಿ, ಪಿಸ್ತೂಲಿನ ಕುದುರೆ ಒತ್ತಿದ. ಕಾರ್ಡು ಅಲ್ಲಾಡಲಿಲ್ಲ. ಅದರ ಮೇಲೆ ಮೂರು ಅಡಿ ಎತ್ತರದಲ್ಲಿದ್ದ ಟ್ಯೂಬ್‌ಲೈಟು ಟಪ್ಪೆಂದು ಒಡೆದು ನೆಲಕ್ಕೆ ಬಿತ್ತು. ಹೊರಗಿನಿಂದ ಚನ್ನಬಸವಯ್ಯನವರು ಏನ್ರೀ ಅದು ಎಂದು ಕೂಗಿದರು.

ಮೇಷ್ಟರು ಬಾಗಿಲ ಕಡೆಗೊಮ್ಮೆ ನೋಡಿ, ಎರಡನೇ ಗುಂಡನ್ನು ತೆಗೆದು ಚಂದ್ರಯ್ಯನ ಅಂಗೈಯಲ್ಲಿಟ್ಟರು.